ಸದ್ದಿಗೆ ಮೊದಲಿನ ಮಾತು

ನಾಯಿಗಳ ಶೆಲ್ಟರ್‌ನಲ್ಲಿ ಅವಳನ್ನು ಎಲ್ಲರೂ ವಿಚಾರಣೆ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಒಂದು ಆಸ್ಪತ್ರೆಯಲ್ಲಿ ‘ವಿಚಾರಣೆ’ ಎಂಬ ಬೋರ್ಡಿನ ಕಿಟಕಿಯ ಹಿಂದೆ ಕೂತು ಬಂದವಳು ಎನ್ನುವುದು ಅದಕ್ಕೆ ಒಂದು ಕಾರಣ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿಯವರ ತಲೆ ತಿಂದು ಹಾಕಿದಳು ಎನ್ನುವುದು ಇನ್ನೊಂದು. ನೀರಿನ ಬಟ್ಟಲು ಗೂಡಿನ ಎಡಕ್ಕಿಡಬೇಕೋ ಬಲಕ್ಕೋ? ಚಿಲಕ ಹಾಕಿದ ಮೇಲೆ ಒಮ್ಮೆ ಎಳೆದು ನೋಡಿದರೆ ಸಾಕೋ, ಎರಡು ಸಲ ನೋಡಬೇಕೋ? ನಾಯಿ ಆಕಳಿಸಿದರೆ ನಿದ್ದೆ ಬಂದಿದೆ ಅಂತಲೋ, ಹೆದರಿದೆ ಅಂತಲೋ?

“ಅಕ್ಕಾ, ಉಳಿದದ್ದನ್ನ ನಾಯಿಗಳನ್ನೇ ಕೇಳಿ. ನನ್ನ ಪ್ರಾಣ ಬಿಡಿ,” ಎಂದಿದ್ದರು ಮೇಸ್ತ್ರಿ.

ಮೇಸ್ತ್ರಿ ಅಲ್ಲಿಗೆ ಬಂದದ್ದು ನಾಯಿಗಳಿಗಾಗಿ ಅಲ್ಲ. ಗೂಡುಗಳ ಗೋಡೆ ಎಬ್ಬಿಸಲು ಬಂದ ಗಾರೆ ಕೆಲಸದವರು. ಗೋಡೆ ಎದ್ದಿತು, ಸಿಮೆಂಟು ಒಣಗಿತು, ಮೊದಲ ನಾಯಿ ಬಂತು. ಮೇಸ್ತ್ರಿ ಮಾತ್ರ ಮನೆಗೆ ಹೋಗಲಿಲ್ಲ. ಹದಿನಾರು ವರ್ಷದಿಂದ ನಾಯಿಗಳಿಗೆ ಊಟ ಹಾಕುತ್ತಾ, ಬೈಯುತ್ತಾ, ಬೈದ ಮೇಲೆ ಕಿವಿಯ ಹಿಂದೆ ಕೆರೆಯುತ್ತಾ ಅಲ್ಲೇ ಇದ್ದರು.

ಶೆಲ್ಟರ್ ನಡೆಸುತ್ತಿದ್ದವರು ಡಾಕ್ಟರಮ್ಮ. ಪಶುವೈದ್ಯೆ. ಮಾತು ಕಡಿಮೆ. ಅಕ್ಕ ಸಂಜೆ ಕ್ಲಾಸಿಗೆ ಹೋಗಿ ಪ್ರಾಣಿಗಳ ನಡವಳಿಕೆಯ ಬಗ್ಗೆ ಓದಿ ಪಾಸು ಮಾಡಿದ್ದಾಳೆ ಎಂದು ತಿಳಿದ ಮೇಲೆ, ಯಾರ ಕೈಗೂ ಬಾರದ ಎರಡು ನಾಯಿಗಳನ್ನು ಅವಳಿಗೆ ಒಪ್ಪಿಸಿದರು. “ನಿಮಗೆ ತಾಳ್ಮೆ ಇದೆ,” ಎಂದರು. ಅವಳಿಗೆ ಇದ್ದದ್ದು ತಾಳ್ಮೆಯಲ್ಲ, ಹೆದರಿಕೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದನ್ನು ಡಾಕ್ಟರಮ್ಮನಿಗೆ ಹೇಳಿಬಿಡಬೇಕು ಎಂದು ಎರಡು ದಿನ ಒದ್ದಾಡಿದಳು, ಹೇಳಲಿಲ್ಲ.

ಎರಡರಲ್ಲಿ ಮೊದಲನೆಯದು ಹೆಡ್‌ಮಾಸ್ಟರು. ತೋಳದ ರಕ್ತ ಬೆರೆತ ದೊಡ್ಡ ಬೂದು ನಾಯಿ. ಯಾರೋ ಸ್ನೇಹಿತರೆದುರು ಮೆರೆಯಲಿಕ್ಕೆ ಅದನ್ನು ಮರಿಯಲ್ಲಿ ತಂದು, ಮೂರನೇ ಮಹಡಿಯ ಮನೆಯಲ್ಲಿ ಕೂಡಿಹಾಕಿದ್ದರು. ಅದು ಮೊದಲು ಸೋಫಾ ತಿಂದಿತು, ಆಮೇಲೆ ಬಾಗಿಲಿನ ಚೌಕಟ್ಟು ತಿಂದಿತು. ಮನೆಯವರು ಮುಂದಿನ ಸರದಿ ತಮ್ಮದು ಎಂದುಕೊಂಡು ಇಲ್ಲಿ ತಂದು ಬಿಟ್ಟರು. ಬೇಲಿಯ ಆಚೆ ತುದಿಯಲ್ಲಿ ನಿಂತು, ಹಳದಿ ಕಣ್ಣಿನಿಂದ, ಹೋಂವರ್ಕ್ ಮಾಡದೆ ಬಂದವರನ್ನು ನೋಡುವ ಹಾಗೆ ನೋಡುತ್ತಿತ್ತು. ಹೆಸರು ಹಾಗೆ ಬಂತು.

ಎರಡನೆಯದು ಕಂದು. ಬೇಟೆ ನಾಯಿ. ಹೆಸರು ಬಣ್ಣದಿಂದ ಬಂದದ್ದು. ಸಾಕಿದವರು ಒಬ್ಬ ಬೇಟೆಗಾರರು. ಚೆನ್ನಾಗಿ ಮೂಸುತ್ತದೆ, ಚೆನ್ನಾಗಿ ಹುಡುಕುತ್ತದೆ ಎಂಬ ಹೆಮ್ಮೆಯಲ್ಲಿ, ಸದ್ದು ಅಭ್ಯಾಸ ಮಾಡಿಸದೆ ಒಂದೇ ಸಲ ಬಂದೂಕುಗಳ ಸಾಲಿಗೆ ಕರೆದುಕೊಂಡು ಹೋಗಿದ್ದರು. ತಲೆಯ ಮೇಲೆಯೇ ಮೊದಲ ಗುಂಡು ಹಾರಿತು. ಕಂದು ಓಡಿತು. ಎರಡು ದಿನದ ಮೇಲೆ ಮೋರಿಯ ಪೈಪಿನೊಳಗೆ ಸಿಕ್ಕಿತು. ಅಂದಿನಿಂದ ಬಾಗಿಲು ಬಡಿದರೂ, ಬಕೆಟ್ಟು ಉರುಳಿದರೂ, ಅದಕ್ಕೆ ಅದೇ ಬಂದೂಕು. “ತಪ್ಪು ನಂದೇ,” ಎಂದು ಬೇಟೆಗಾರರು ಅದರ ಕಂಬಳಿಯ ಸಮೇತ ಬಿಟ್ಟುಹೋದರು. ಹೋಗುವಾಗ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಬಿಟ್ಟುಹೋಗಲು ಆಗುತ್ತಿರಲಿಲ್ಲವೇನೋ.

ಒಂದು ತಿಂಗಳ ಮೇಲೆ ಕಂದುವನ್ನು ಬೇಕು ಎಂದು ಒಬ್ಬರು ಕೇಳಿದರು. ಒಬ್ಬರೇ. ಪುಸ್ತಕಗಳಿಗೆ ಬೈಂಡ್ ಹಾಕುವ ಅಂಗಡಿಯವರು. ಬೇರೆ ಯಾವುದೋ ನಾಯಿ ನೋಡಲು ಬಂದವರು, ಗೂಡಿನ ಮರದ ಮಂಚದ ಕೆಳಗಿನಿಂದ ಕಂಡ ಎರಡು ಕಣ್ಣು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಆದರೆ ಅವರ ಮನೆ ಅಂಗಡಿಯ ಮೇಲೆ, ಅಂಗಡಿಯಲ್ಲಿ ಪೇಪರ್ ಕತ್ತರಿಸುವ ದೊಡ್ಡ ಮೆಷಿನ್ನು. ಒಂದೊಂದು ಸಲ ಅಲಗು ಇಳಿದಾಗಲೂ ಧಡ್ ಎಂದು ನೆಲವೇ ಅದುರುತ್ತದೆ.

“ನಮ್ಮ ಗೇಟಿಂದ ರಸ್ತೆ ತುದಿವರೆಗೆ ಹೋಗಿ, ಓಡದೆ ವಾಪಸ್ ಬರಲಿ,” ಎಂದರು ಡಾಕ್ಟರಮ್ಮ. “ಆಮೇಲೆ ಕೊಡ್ತೀನಿ. ಇಲ್ಲಾಂದ್ರೆ ಲಾರಿ ಕೆಳಗೆ ಹೋಗುತ್ತೆ.”

“ಎಷ್ಟು ದಿನ ಬೇಕಾದ್ರೂ ಕಾಯ್ತೀನಿ,” ಎಂದರು ಬೈಂಡಿನವರು.

ಅಕ್ಕನಿಗೆ ಆ ಮಾತು ಕೇಳಿ ಕಣ್ಣು ತುಂಬಿತು. ಅಂದೇ ಸಂಜೆ ಕ್ಲಾಸಿನ ನೋಟ್ಸು ತೆಗೆದು ಕೂತಳು.

ಅವಳು ಓದಿಕೊಂಡ ಪಾಠದಲ್ಲಿ ಉಪಾಯ ಸರಳವಾಗಿಯೇ ಇತ್ತು. ದೂರದ ಸಣ್ಣ ಸದ್ದು, ಜೊತೆಗೆ ಒಳ್ಳೆಯ ತಿಂಡಿ. ದಿನದಿಂದ ದಿನಕ್ಕೆ ಸದ್ದು ಹತ್ತಿರ. ಬೆಳಿಗ್ಗೆ ಹತ್ತಕ್ಕೆ ಮೇಸ್ತ್ರಿ ಅಂಗಳದ ಆ ತುದಿಯಲ್ಲಿ ಸ್ಟೀಲ್ ತಟ್ಟೆ, ಮರದ ಸೌಟು ಹಿಡಿದು ನಿಲ್ಲುತ್ತಿದ್ದರು. ಅಕ್ಕ ಬೇಯಿಸಿದ ಕುರಿಯ ಈಲಿಯ ಡಬ್ಬಿ ಇಟ್ಟುಕೊಂಡು ಕಂದುವಿನ ಗೂಡಿನ ಬಾಗಿಲಲ್ಲಿ ಕೂರುತ್ತಿದ್ದಳು. “ಪರವಾಗಿಲ್ಲ ಕಂದು, ಪರವಾಗಿಲ್ಲ. ಏನೂ ಆಗಲ್ಲ,” ಎಂದು ಸಮಾಧಾನ ಹೇಳಿ ಮೇಸ್ತ್ರಿಗೆ ತಲೆಯಾಡಿಸುತ್ತಿದ್ದಳು. ಮೇಸ್ತ್ರಿ ಟಣ್ ಎನಿಸುತ್ತಿದ್ದರು. ಕಂದು ಮಂಚದ ಕೆಳಗೆ ನುಗ್ಗುತ್ತಿತ್ತು. ಆಮೇಲೆ ಈಲಿ ಚಾಚಿದರೂ ಮುಟ್ಟುತ್ತಿರಲಿಲ್ಲ.

‘ಪರವಾಗಿಲ್ಲ’ ಅವಳ ಬಾಯಿಗೆ ಅಂಟಿಕೊಂಡ ಮಾತು. ಆಸ್ಪತ್ರೆಯ ಕಿಟಕಿಯಲ್ಲಿ ದಿನಕ್ಕೆ ಇನ್ನೂರು ಸಲ ಹೇಳಿ ಹೇಳಿ ನಾಲಿಗೆ ಆ ಆಕಾರಕ್ಕೇ ಬಂದಿತ್ತು. ಮಗಳು ಸಣ್ಣವಳಿದ್ದಾಗ ಚುಚ್ಚುಮದ್ದಿಗೆ ಕರೆದೊಯ್ದಾಗಲೆಲ್ಲ “ಪರವಾಗಿಲ್ಲ ಪುಟ್ಟಿ” ಎನ್ನುತ್ತಿದ್ದಳು. ಆ ಪುಟ್ಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಈಗಲೂ ಅಮ್ಮ ಹಾಗೆಂದರೆ, “ಎಲ್ಲಿ ಸೂಜಿ?” ಎಂದು ತೋಳು ಮುಚ್ಚಿಕೊಂಡು ರೇಗಿಸುತ್ತಾಳೆ. ಅಕ್ಕ ನಗುತ್ತಿದ್ದಳು. ನಕ್ಕು ಮರೆಯುತ್ತಿದ್ದಳು.

ಹೆಡ್‌ಮಾಸ್ಟರ ಹತ್ತಿರ ಮಾತ್ರ ಅವಳ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಆ ಕಣ್ಣು ಕಂಡರೆ ಅಷ್ಟು ಭಯ. ಮೇಸ್ತ್ರಿ ಹೇಳಿಕೊಟ್ಟ ಹಾಗೆ ಬೇಲಿಯೊಳಗೆ ಹೋಗಿ, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕೂರುತ್ತಿದ್ದಳು. ಅರ್ಧ ಗಂಟೆ. ಮಾತಿಲ್ಲ, ನೋಟವಿಲ್ಲ, ಕೈ ಚಾಚುವುದಿಲ್ಲ. ಮೇಸ್ತ್ರಿ ಹೊರಗೆ ಗೇಟಿನ ಚಿಲಕ ಹಿಡಿದು ನಿಂತಿರುತ್ತಿದ್ದರು. ಮೊದಲ ವಾರಗಳಲ್ಲಿ ಹೆಡ್‌ಮಾಸ್ಟರು ಆಚೆ ಬೇಲಿಯುದ್ದಕ್ಕೂ ಸುತ್ತಿದ್ದೇ ಸುತ್ತಿದ್ದು. ನಾಲ್ಕನೇ ವಾರ ಹಿಂದಿನಿಂದ ಬಂದು ಅವಳ ಚಪ್ಪಲಿ ಒಂದನ್ನು ಕಚ್ಚಿಕೊಂಡು ಹೋಯಿತು. ಅವಳು ಒಂದೇ ಚಪ್ಪಲಿಯಲ್ಲಿ ಮನೆಗೆ ಹೋದಳು. ಏಳನೇ ವಾರ ಒಂದು ಬೆಳಿಗ್ಗೆ ಬೆನ್ನಿಗೆ ಬಿಸಿಯುಸಿರು ತಾಗಿತು, ಆಮೇಲೆ ಭುಜಕ್ಕೆ ಒಂದು ಭಾರವಾದ ಕೆನ್ನೆ ಉಜ್ಜಿತು. ಒಂದು ಸಲ, ಅಷ್ಟೇ.

ಹೊರಗೆ ಬಂದು ಅವಳು ಚಿಲಕವನ್ನು ಎರಡೆರಡು ಸಲ ಎಳೆದು ನೋಡಿದಳು.

“ಏನಂದ್ರು ಮೇಷ್ಟ್ರು? ಪಾಸೋ ಫೇಲೋ?” ಎಂದು ಮೇಸ್ತ್ರಿ ಕೇಳಿದರು.

ಅವಳಿಗೆ ಅಳು ಬಂತು. ಮೇಸ್ತ್ರಿ ಬೇರೆ ಕಡೆ ನೋಡುತ್ತಾ ಪೈಪಿನ ನೀರು ಬಿಟ್ಟರು.

ಆದರೆ ಕಂದುವಿನ ವಿಷಯ ಕೆಡುತ್ತಾ ಬಂತು. ಮೇಸ್ತ್ರಿ ಇನ್ನೂ ದೂರ ಹೋದರು, ತಟ್ಟೆಗೆ ಬಟ್ಟೆ ಸುತ್ತಿದರು. ಪ್ರಯೋಜನವಾಗಲಿಲ್ಲ. ತಟ್ಟೆಯ ಪಾಠ ಶುರುವಾದ ಎರಡನೇ ವಾರಕ್ಕೆ ಕಂದು ಅಕ್ಕನ ಕೈಯಿಂದ ತಿನ್ನುವುದನ್ನೇ ಬಿಟ್ಟಿತು. ಮೂರನೇ ವಾರಕ್ಕೆ ಅವಳ ಹೆಜ್ಜೆ ಸದ್ದಿಗೇ ಮಂಚದ ಕೆಳಗೆ ಸೇರತೊಡಗಿತು. ಮೇಸ್ತ್ರಿ ತಟ್ಟೆ ಹಿಡಿದು ಎದುರಿಗೇ ಓಡಾಡಿದರೂ ಕಿವಿ ನಿಮಿರಿಸಿ ನೋಡುತ್ತಿದ್ದ ನಾಯಿ, ಪ್ರೀತಿಯಿಂದ ಮಾತಾಡಿಸುವ ಅವಳನ್ನು ಕಂಡರೆ ನಡುಗುತ್ತಿತ್ತು. ಕೊನೆಗೆ ಯಾರು ಹಾಕಿದರೂ ಊಟ ಹಾಗೇ ಉಳಿಯತೊಡಗಿತು. ಪಕ್ಕೆಲುಬು ಕಾಣಿಸಿತು.

ಡಾಕ್ಟರಮ್ಮ ಅವಳನ್ನು ಆಫೀಸಿಗೆ ಕರೆದರು. “ತಿಂಗಳ ಕೊನೆವರೆಗೆ ನೋಡೋಣ. ಹೀಗೇ ಊಟ ಬಿಟ್ಟು, ದಿನವಿಡೀ ನಡುಗ್ತಾ ಇದ್ರೆ, ಅದನ್ನ ಬದುಕಿಸಿಟ್ಟು ಹಿಂಸೆ ಕೊಡೋದಕ್ಕೆ ನನ್ನ ಮನಸ್ಸು ಒಪ್ಪಲ್ಲ.”

ಅದರ ಅರ್ಥವೇನೆಂದು ಅವಳು ಕೇಳಲಿಲ್ಲ. ಜೀವಮಾನದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು. ಕೆಲಸ ಬಿಡುವ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಳು. ತನ್ನ ಕೈಗುಣವೇ ಸರಿಯಿಲ್ಲ. ಬೇರೆಯವರ ಕೈಗೆ ಸಿಕ್ಕಿದ್ದರೆ ಆ ನಾಯಿ ಇಷ್ಟು ಹೊತ್ತಿಗೆ ಬೈಂಡಿನವರ ಮನೆಯಲ್ಲಿ ಮಲಗಿರುತ್ತಿತ್ತು ಎಂದು ಅವಳಿಗೆ ಖಾತ್ರಿಯಾಗಿತ್ತು.

ಮರುದಿನ ಆ ಗಡಿಬಿಡಿಯಲ್ಲಿ ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದಳು. ಹತ್ತು ಗಂಟೆಗೆ ಸರಿಯಾಗಿ ಡಬ್ಬಿ ಹಿಡಿದು ಅತ್ತೆ ಬಂದರು.

ಅತ್ತೆಗೆ ಎರಡು ಕಿವಿಯೂ ಕೇಳುವುದಿಲ್ಲ. ಕಿವಿಯ ಮೆಷಿನ್ನು ಕುಂಯ್ ಎನ್ನುತ್ತದೆ ಎಂದು ಅದನ್ನು ತೆಗೆದು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಾರೆ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ಅದೂ ಬೇಕಾದದ್ದನ್ನು ಮಾತ್ರ, ಬೇಡದ್ದನ್ನು ಬಿಟ್ಟು. ಸೊಸೆಯ ಈ ನಾಯಿ ಕೆಲಸ ಅವರಿಗೆ ಸುತರಾಂ ಇಷ್ಟವಿಲ್ಲ.

“ಗಂಡನ ಡಬ್ಬಿ ಮರೀತಿದ್ದೆ, ಸರಿ. ಈಗ ನಿನ್ನದೂ ಮರೆಯೋಕೆ ಶುರು ಮಾಡಿದೀಯ,” ಎಂದು ಜೋರಾಗಿ ಹೇಳಿ, ಗೋಡೆಯ ನೆರಳಿನಲ್ಲಿದ್ದ ಕುರ್ಚಿಯಲ್ಲಿ ಕೂತರು. “ಸ್ವಲ್ಪ ದಣಿವಾರಿಸ್ಕೊಂಡು ಹೋಗ್ತೀನಿ. ನೀನು ನಿನ್ನ ಕೆಲಸ ನೋಡ್ಕೋ.”

ಅಕ್ಕ ಎಂದಿನಂತೆ ಗೂಡಿನ ಬಾಗಿಲಲ್ಲಿ ಕೂತಳು. ಮೇಸ್ತ್ರಿ ಅಂಗಳದ ತುದಿಗೆ ಹೋದರು. “ಪರವಾಗಿಲ್ಲ ಕಂದು,” ಎಂದಳು. ತಲೆಯಾಡಿಸಿದಳು. ಟಣ್. ಕಂದು ಮಾಯ. ಇನ್ನೊಮ್ಮೆ ಪ್ರಯತ್ನಿಸಲೇ ಬೇಡವೇ ಎಂದು ಯೋಚಿಸುತ್ತಿರುವಾಗ ಅತ್ತೆ ಕೂತಲ್ಲಿಂದಲೇ ಕೇಳಿದರು:

“ಅವರು ಯಾಕೆ ಅಲ್ಲಿ ತಟ್ಟೆ ಹಿಡ್ಕೊಂಡು ನಿಂತಿದಾರೆ? ಊಟಕ್ಕಾ?”

ಅಕ್ಕ ಹತ್ತಿರ ಹೋಗಿ, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದಳು. ನಾಯಿಗೆ ಸದ್ದು ಅಂದ್ರೆ ಭಯ ಅತ್ತೆ. ತಟ್ಟೆ ಬಾರಿಸ್ತಾರೆ. ಅದು ಹೆದರಿ ಒಳಗೆ ಹೋಗುತ್ತೆ. ಅಭ್ಯಾಸ ಆಗ್ಲಿ ಅಂತ.

“ಸುಳ್ಳು,” ಎಂದರು ಅತ್ತೆ.

“ಏನು ಸುಳ್ಳು?”

“ಅವರು ಸೌಟು ಎತ್ತೋ ಮುಂಚೆನೇ ಅದು ಒಳಗೆ ಹೋಯ್ತು. ನಿನ್ನ ಬಾಯಿ ಅಲ್ಲಾಡಿತು, ಅದು ಓಡ್ತು. ನಾನೇ ನೋಡಿದೆನಲ್ಲ.”

ಮೇಸ್ತ್ರಿ ತಟ್ಟೆ ಬಗಲಲ್ಲಿ ಇರುಕಿಕೊಂಡು ಬಂದರು. ಮೂವರೂ ಗೂಡಿನ ಕಡೆ ನೋಡಿದರು. ಟಣ್ ಎನ್ನುವ ಮುಂಚಿನಿಂದಲೇ ಅಕ್ಕನೂ ಮೇಸ್ತ್ರಿಯೂ ಸದ್ದಿನ ಕಡೆಗೇ ಗಮನ ಕೊಡುತ್ತಿದ್ದರು. ಸದ್ದೇ ಕೇಳದ ಅತ್ತೆಗೆ ನಾಯಿಯೊಂದೇ ಕಂಡಿತ್ತು.

“ಇನ್ನೊಂದು ಸಲ ನೋಡೇ ಬಿಡೋಣ,” ಎಂದರು ಮೇಸ್ತ್ರಿ. ತಟ್ಟೆಯನ್ನು ನೆಲದ ಮೇಲೆ ಇಟ್ಟು, ಬರಿಗೈ ತೋರಿಸಿದರು. ಕಂದು ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕ ಬಾಗಿಲಲ್ಲಿ ಕೂತು, ಸಾಧ್ಯವಾದಷ್ಟು ಮೃದುವಾಗಿ ಹೇಳಿದಳು: “ಪರವಾಗಿಲ್ಲ.”

ತಟ್ಟೆ ಇಲ್ಲ, ಸೌಟು ಇಲ್ಲ, ಸದ್ದಿಲ್ಲ. ಕಂದುವಿನ ಬಾಲ ಹೊಟ್ಟೆಯಡಿಗೆ ಹೋಯಿತು. ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು.

ಅವಳ ತುಟಿ ಓದಿದ ಅತ್ತೆ, “ನೋಡಿದ್ಯಾ? ನಿನ್ನ ಮಗಳೂ ಹಾಗೇ ತಾನೇ, ಪರವಾಗಿಲ್ಲ ಅಂದ್ರೆ ತೋಳು ಮುಚ್ಕೋತಾಳೆ,” ಎಂದರು.

ಇಪ್ಪತ್ತೆರಡು ದಿನ. ದಿನಕ್ಕೆ ಐದಾರು ಸಲ. ಆ ಮಾತಿನ ಬೆನ್ನಿಗೇ ಪ್ರತಿ ಸಲ ಸದ್ದು ಬಂದಿತ್ತು. ಸಮಾಧಾನವೆಂದು ಅವಳು ತಿಳಿದದ್ದು ನಾಯಿಯ ಲೆಕ್ಕದಲ್ಲಿ ಬಂದೂಕಿನ ಕುದುರೆ ಎಳೆಯುವ ಸದ್ದು. ಪಾಠದಲ್ಲಿ ಈ ಅನುಕ್ರಮದ ವಿಷಯ ಇರಲಿಲ್ಲವೆಂದಲ್ಲ. ಇತ್ತು, ಅವಳು ಅದರ ಕೆಳಗೆ ಗೆರೆ ಎಳೆದಿದ್ದಳು ಕೂಡ. ತನ್ನ ಬಾಯಿಯೂ ಆ ಅನುಕ್ರಮದಲ್ಲಿ ಸೇರುತ್ತದೆ ಎಂದು ಹೊಳೆದಿರಲಿಲ್ಲ. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ತನ್ನ ಮುಖ ನೋಡುತ್ತಿದ್ದವರೆಲ್ಲ ಅವಳಿಗೆ ಒಮ್ಮೆಲೇ ನೆನಪಾದರು. ಅವರಲ್ಲಿ ಎಷ್ಟು ಜನರ ಕಿವಿಗೆ ಆ ಮಾತು ಏನಾಗಿ ಬಿದ್ದಿತ್ತೋ.

“ಅಯ್ಯೋ, ಅಳಬೇಡಿ ಅಕ್ಕಾ,” ಎಂದರು ಮೇಸ್ತ್ರಿ. “ಆ ತೋಳದ ಮೇಷ್ಟ್ರು ಯಾಕೆ ಒಲಿದ್ರು ಅಂತ ಈಗ ಗೊತ್ತಾಯ್ತಲ್ಲ. ಅವರ ಹತ್ರ ನೀವು ಬಾಯೇ ಬಿಟ್ಟಿಲ್ಲ.”

ಅವಳಿಗೆ ಅಳುವಿನ ನಡುವೆ ನಗು ಬಂತು. ಅತ್ತೆಯ ಹತ್ತಿರ ಹೋಗಿ, ಅವರ ಎರಡೂ ಕೈ ಹಿಡಿದುಕೊಂಡಳು.

“ಕೈಯೆಲ್ಲಾ ಈಲಿ ವಾಸನೆ,” ಎಂದರು ಅತ್ತೆ. ಆದರೆ ಕೈ ಎಳೆದುಕೊಳ್ಳಲಿಲ್ಲ.

ಮರುದಿನದಿಂದ ಎಲ್ಲ ತಿರುವುಮುರುವು. ತಟ್ಟೆ ಅಡುಗೆಮನೆಗೆ ವಾಪಸ್ ಹೋಯಿತು. ಮೇಸ್ತ್ರಿ ಗೋಡೆಯ ಆಚೆ, ಕಣ್ಣಿಗೆ ಬೀಳದ ಹಾಗೆ, ಮಡಿಸಿದ ಗೋಣಿಚೀಲದ ಮೇಲೆ ಒಂದು ಚಮಚ ಬೀಳಿಸುತ್ತಿದ್ದರು. ಸದ್ದು ಎಂದರೆ ಸದ್ದೇ ಅಲ್ಲ. ಮುಂಚೆ ಮಾತಿಲ್ಲ, ಡಬ್ಬಿ ತೆರೆಯುವುದಿಲ್ಲ, ಸೂಚನೆಯಿಲ್ಲ. ಮೊದಲು ಸದ್ದು. ಆಮೇಲೆ ಆಕಾಶದಿಂದ ಬಿದ್ದ ಹಾಗೆ ಈಲಿಯ ತುಂಡು. ಅಕ್ಕ ಕಂದುವಿಗೆ ಬೆನ್ನು ಮಾಡಿ ಕೂತು ಹಿಂದಕ್ಕೆ ಎಸೆಯುತ್ತಿದ್ದಳು, ಹೆಡ್‌ಮಾಸ್ಟರ ಬೇಲಿಯಲ್ಲಿ ಕಲಿತ ಹಾಗೆ.

ಕಷ್ಟವಾದದ್ದು ನಾಯಿಗಲ್ಲ, ಅವಳ ನಾಲಿಗೆಗೆ. ‘ಪ’ ತುದಿಗೆ ಬಂದು ಬಂದು ನಿಲ್ಲುತ್ತಿತ್ತು. ಎರಡನೇ ದಿನ ‘ಪರ’ದವರೆಗೆ ಹೋಗಿಯೇ ಬಿಟ್ಟಿತು. ಮೇಸ್ತ್ರಿ ಗೋಡೆಯಾಚೆಯಿಂದ ಕೆಮ್ಮಿದರು. ಅಂದು ಸಂಜೆ ಅತ್ತೆ ಅವಳ ಕೈಗೆ ಒಂದು ಪೊಟ್ಟಣ ಕೊಟ್ಟರು. ಲವಂಗ.

“ಬಾಯಲ್ಲಿ ಇಟ್ಕೋ. ಖಾರಕ್ಕೆ ಬಾಯಿ ಮುಚ್ಚಿರುತ್ತೆ. ಇಷ್ಟು ವರ್ಷದಲ್ಲಿ ನನ್ನ ಕೈಲಿ ಆಗ್ಲಿಲ್ಲ, ಒಂದು ನಾಯಿ ನಿನ್ನ ಬಾಯಿ ಮುಚ್ಚಿಸ್ತು.”

ಮೂರು ದಿನ ಈಲಿ ನೆಲದಲ್ಲೇ ಬಿದ್ದಿತ್ತು. ನಾಲ್ಕನೇ ದಿನ ಅವಳು ಎದ್ದು ಹೋದ ಮೇಲೆ ಮಾಯವಾಗಿತ್ತು. ಆರನೇ ದಿನ ಅವಳು ಕೂತಿರುವಾಗಲೇ, ಬೆನ್ನ ಹಿಂದೆ, ಅಗಿಯುವ ಸದ್ದು ಕೇಳಿತು. ಅವಳು ಲವಂಗ ಕಚ್ಚಿ ಹಿಡಿದಳು. ಬಾಯಿ ಉರಿದು ಕಣ್ಣಲ್ಲಿ ನೀರು ಬಂತು, ಆದರೆ ಅಷ್ಟೂ ನೀರು ಖಾರದ್ದಲ್ಲ. ಆ ಇಡೀ ವಾರ ಡಾಕ್ಟರಮ್ಮ ದಿನಾ ಒಮ್ಮೆ ಬಂದು ನೋಡಿ ಹೋಗುತ್ತಿದ್ದರು. ಊಟದ ಬಟ್ಟಲು ಖಾಲಿಯಾದ ದಿನ ಮಾತ್ರ ಆ ಬಟ್ಟಲನ್ನು ತಾವೇ ತೊಳೆದಿಟ್ಟರು.

ಚಮಚ ಗೋಣಿಯಿಂದ ಮಣ್ಣಿಗೆ ಬಂತು, ಮಣ್ಣಿನಿಂದ ಕಲ್ಲಿಗೆ. ಆಮೇಲೆ ಮುಚ್ಚಳ. ಆಮೇಲೆ ಬಕೆಟ್ಟು. ಒಂದು ದಿನ ಯಾರೂ ಬೇಕೆಂದು ಮಾಡದೆ, ಗಾಳಿಗೆ ಸ್ಟೋರಿನ ಬಾಗಿಲು ಪಟಾರ್ ಎಂದಿತು. ಅಕ್ಕನೇ ಬೆಚ್ಚಿಬಿದ್ದು ಡಬ್ಬಿ ಚೆಲ್ಲಿದಳು. ಕಂದು ನೆಲಕ್ಕೆ ಒತ್ತಿ ಕೂತಿತು. ಓಡಲಿಲ್ಲ. ಆಮೇಲೆ ತೆವಳುತ್ತಾ ಬಂದು, ಚೆಲ್ಲಿದ ಈಲಿಯನ್ನು ಒಂದೊಂದಾಗಿ ತಿನ್ನತೊಡಗಿತು. ಕೊನೆಯ ತುಂಡು ಅವಳ ಅಂಗೈಯಲ್ಲಿತ್ತು. ಅದನ್ನೂ ತಿಂದಿತು. ಒದ್ದೆ ನಾಲಿಗೆ ಬೆರಳ ಸಂದಿಯಲ್ಲೆಲ್ಲಾ ಓಡಾಡಿತು.

ತಿಂಗಳ ಕೊನೆಯ ದಿನಕ್ಕೆ ಗೇಟಿನಿಂದಾಚೆ ಹೋಗುವುದೆಂದು ನಿಶ್ಚಯವಾಯಿತು. ಡಾಕ್ಟರಮ್ಮ ರಸ್ತೆಯ ಆ ಬದಿಯಲ್ಲಿ, ಮೇಸ್ತ್ರಿ ಹಿಂದೆ. ಅಕ್ಕನ ಕೈಯಲ್ಲಿ ಹಗ್ಗ, ಬಾಯಲ್ಲಿ ಲವಂಗ. ಗ್ಯಾರೇಜು ದಾಟಿದರು, ಗಿರಣಿ ದಾಟಿದರು. ಕಂದು ಒಂದೊಂದು ಸಲ ನಿಂತು ಕಿವಿ ಹಿಂದೆ ಮಾಡುತ್ತಿತ್ತು, ಅವಳೂ ನಿಲ್ಲುತ್ತಿದ್ದಳು. ರಸ್ತೆಯ ತುದಿಯಲ್ಲಿ ಒಬ್ಬ ಅಂಗಡಿಯವನು ತನ್ನ ಪಾಡಿಗೆ ತಾನು ಕಬ್ಬಿಣದ ಶಟರ್ ಮೇಲಿಂದ ಕೆಳಕ್ಕೆ ಎಳೆದ.

ಆ ಸದ್ದು ಬೀದಿಯುದ್ದಕ್ಕೂ ಉರುಳಿತು. ಹಗ್ಗ ಬಿಗಿಯಾಯಿತು. ಕಂದು ಹಿಂಗಾಲಿನ ಮೇಲೆ ಕುಸಿದು, ರಸ್ತೆಯ ಕಡೆ ತಿರುಗಿತು. ಲಾರಿಯೊಂದು ಬರುತ್ತಿತ್ತು. ಡಾಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದು ನಿಂತರು. ಅಕ್ಕನ ಬಾಯೊಳಗೆ ಆ ಮಾತು ಪೂರ್ತಿ ರೂಪುಗೊಂಡು ಹಲ್ಲಿಗೆ ಬಂದು ತಾಗಿತು. ಅವಳು ಲವಂಗದ ಸಮೇತ ಅದನ್ನು ನುಂಗಿದಳು. ಹಗ್ಗ ಜಗ್ಗಲಿಲ್ಲ. ಇನ್ನೊಂದು ಕೈ ಕೆಳಗೆ ಬಿಟ್ಟು, ಈಲಿಯ ತುಂಡಿದ್ದ ಅಂಗೈ ತೆರೆದು, ಸುಮ್ಮನೆ ನಿಂತಳು.

ಲಾರಿ ಹೋಯಿತು.

ಎಷ್ಟು ಹೊತ್ತೋ. ಆಮೇಲೆ ಅಂಗೈಗೆ ತಣ್ಣಗೆ ಒಂದು ಮೂಗು ತಾಗಿತು. ಈಲಿ ಹೋಯಿತು. ಕಂದು ಅವಳ ಮುಖ ನೋಡಿತು, ಆ ಶಟರನ್ನೂ ನೋಡಿತು. ಇನ್ನೊಂದು ಸಲ ಎಳೆಯುತ್ತಾನೋ, ಇನ್ನೊಂದು ತುಂಡು ಸಿಗುತ್ತದೋ ಎಂದು ಯೋಚಿಸುವವರ ಹಾಗೆ.

“ಬೈಂಡಿನವರಿಗೆ ಫೋನ್ ಮಾಡ್ತೀನಿ,” ಎಂದರು ಡಾಕ್ಟರಮ್ಮ.

ಎರಡು ವಾರ ಬೈಂಡಿನವರು ದಿನಾ ಶೆಲ್ಟರ್‌ಗೆ ಬಂದು ಬೆನ್ನು ಮಾಡಿ ಕೂರುವುದನ್ನು ಕಲಿತರು. ಮಾತಾಡದೆ ಕೂರುವುದು ಅವರಿಗೆ ಕಷ್ಟವಾಗಲಿಲ್ಲ. ಅಂಟು ಒಣಗುವವರೆಗೆ ಕಾದು ಕಾದು ಅಭ್ಯಾಸವಾದವರು. ಆಮೇಲೆ ಒಂದು ಮಧ್ಯಾಹ್ನ ಅಕ್ಕನೇ ಕಂದುವನ್ನು ಅವರ ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಕಾಗದದ, ಅಂಟಿನ ವಾಸನೆ. ಕಂದು ಮೇಜಿನ ಕಾಲುಗಳನ್ನೆಲ್ಲಾ ಮೂಸಿತು, ಕತ್ತರಿಸಿದ ಕಾಗದದ ಚೂರುಗಳ ರಾಶಿಯಲ್ಲಿ ಮೂಗು ತೂರಿಸಿ ಸೀನಿತು. ಬೈಂಡಿನವರು ಮೆಷಿನ್ನಿನ ಕೆಳಗೆ ಒಂದೇ ಒಂದು ಹಾಳೆ ಇಟ್ಟು, ಅಕ್ಕನ ಮುಖ ನೋಡಿದರು. ಅವಳು ತಲೆಯಾಡಿಸಲೂ ಇಲ್ಲ. ಅವರಿಗೆ ಅರ್ಥವಾಯಿತು.

ಧಡ್.

ಕಂದುವಿನ ಮೊಣಕಾಲು ಮಡಚಿತು. ಕಿವಿ ಹಿಂದಕ್ಕೆ ಹೋಯಿತು. ಹಗ್ಗ ಅವಳ ಕೈಯಲ್ಲಿ ಸಡಿಲವಾಗಿಯೇ ಇತ್ತು. ಆಮೇಲೆ ಅದು ನಿಧಾನವಾಗಿ ಮುಖ ತಿರುಗಿಸಿತು. ಅವಳ ಕಡೆಗಲ್ಲ, ಬೈಂಡಿನವರ ಕಡೆಗೆ. ಅಂಟು ಹತ್ತಿದ ಅವರ ಬೆರಳುಗಳಲ್ಲಿ ಈಲಿ ಆಗಲೇ ಸಿದ್ಧವಾಗಿತ್ತು.

ಅಕ್ಕನ ಎದೆಯಲ್ಲಿ ಏನೋ ಚುಳ್ ಎಂದಿತು, ಕೂಡಲೇ ಹಗುರವೂ ಆಯಿತು. ಹಗ್ಗವನ್ನು ಮೇಜಿನ ಮೇಲಿಟ್ಟಳು. ಬಗ್ಗಿ, ಕಂದುವಿನ ತಲೆಯ ಹತ್ತಿರ ಬಾಯಿ ತಂದು, “ತುಂಬಾ ಉಪಕಾರ ಆಯ್ತು,” ಎಂದಳು.

“ಅಯ್ಯೋ, ನಂದೇನಿದೆ ಇದರಲ್ಲಿ,” ಎಂದರು ಬೈಂಡಿನವರು ಸಂಕೋಚದಿಂದ.

ಅವಳು ತಿದ್ದಲು ಹೋಗಲಿಲ್ಲ. ಅವರಿಗೂ ಸಲ್ಲಬೇಕಾದದ್ದೇ ಎಂದುಕೊಂಡು ಚಪ್ಪಲಿ ಮೆಟ್ಟಿ ಬೀದಿಗಿಳಿದಳು.